ಐದನೆಯ ಸಾಲಿಗೆ ಕೇಳುವಷ್ಟು

ಹೊನ್ನಾವರ
೧೨ ಜೂನ್ ೧೯೬೭

ಚಿ. ಕಮಲಿಗೆ ಅಪ್ಪನ ಆಶೀರ್ವಾದ.

ನೀನು ಭಟ್ಕಳ ಮುಟ್ಟಿದ ಕಾಗದ ಬಂತು. ಹೊಸ ಕೋಣೆಯ ಮಾಡು ಸೋರುತ್ತಿಲ್ಲ ಎಂದು ಬರೆದಿದ್ದೀಯ. ನಮ್ಮ ಕಾರ್ಖಾನೆಯ ಹೆಂಚೇ ಇರಬೇಕು, ತಿರುಗಿಸಿ ಮುದ್ರೆ ನೋಡು.

ಈಗ ಒಂದು ಕೆಲಸದ ವಿಷಯ. ಹೋದ ವರ್ಷ ಸಾವ್ಕಾರರು ಬೊಂಬಾಯಿಯಿಂದ ಹಳೆಯ ವ್ಯಾಕ್ಯೂಮ್ ಪಂಪೊಂದನ್ನು ತಂದದ್ದು ನಿನಗೆ ಗೊತ್ತು. ಮಣ್ಣು ಅರೆಯುವ ಪೆಟ್ಟಿಗೆಯೊಳಗಿನ ಗಾಳಿಯನ್ನು ಅದು ಎಳೆದು ಹೊರಹಾಕುತ್ತದೆ. ಮಣ್ಣಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಹೆಂಚು ಭಟ್ಟಿಯಲ್ಲಿ ಬಿರಿಯುತ್ತದೆ. ಪಂಪು ಬಂದ ಮೇಲೆ ಬಿರಿಯುವುದು ನಿಂತಿದೆ. ಆದರೆ ಅದರ ಸದ್ದಿನಿಂದ ಪಕ್ಕದ ಹೆಣ್ಣುಮಕ್ಕಳ ಶಾಲೆ ನಡೆಯದಂತಾಗಿದೆ. ನಡುವೆ ಎಂಟು ಮೊಳ ಜಾಗ, ಒಂದು ಮೋಟು ಗೋಡೆ, ಅಷ್ಟೇ.

ಮಾದೇವಿ ಅಕ್ಕೋರು ಕೂಗಿ ಕೂಗಿ ಪಾಠ ಹೇಳಿ ಸ್ವರ ಕಳೆದುಕೊಂಡಿದ್ದಾರೆ. ಕುಮಟೆಯ ಡಾಕ್ಟರು ಎರಡು ತಿಂಗಳು ಮಾತೇ ಆಡಬಾರದು ಎಂದಿದ್ದಾರಂತೆ. ಶಾಲೆಯಲ್ಲಿ ಮಕ್ಕಳು ಐದು ಸಾಲಾಗಿ ಕೂರುತ್ತಾರೆ. ಪಂಪು ನಡೆಯುವಾಗ ಪಾಠ ಮೊದಲನೇ ಸಾಲಿಗೆ ಮಾತ್ರ ಕೇಳುತ್ತದೆ. ದೀಪಾವಳಿಯೊಳಗೆ ಸದ್ದು ಕಡಿಮೆಯಾಗದಿದ್ದರೆ ಶಾಲೆಯನ್ನು ಮೇಲಿನ ಪೇಟೆಗೆ ಒಯ್ಯುವುದಾಗಿ ಮೇಲಿನವರ ಹುಕುಂ ಬಂದಿದೆ. ಅದು ಇಲ್ಲಿಂದ ಎರಡು ಮೈಲಿ. ಇಲ್ಲಿ ಬರುವವರು ದಂಡೆಯ ಕೇರಿಯ ಹುಡುಗಿಯರು. ಮೀನು ಒಣಹಾಕಿ, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಾರೆ. ಎರಡು ಮೈಲಿ ಯಾರೂ ಹೋಗುವುದಿಲ್ಲ.

ಸಾವ್ಕಾರರು ನನ್ನನ್ನು ಎದುರಿಗೆ ಕರೆದು ಹೇಳಿದರು: "ಮಾಬ್ಲೇಶ್ವರಾ, ಎಂತಾರೂ ಮಾಡು. ಶಾಲೆ ಓಡಿಸಿದ ಪಾಪ ನಂಗೆ ಬೇಡ." ನಾನು ಆತು ಎಂದೆ.

ನಾನು ಮುಲ್ಕಿ ಪರೀಕ್ಷೆಯವರೆಗೆ ಓದಿದವನು. ನೀನು ವಿಜ್ಞಾನ ಕಲಿಸುತ್ತೀಯ. ಸದ್ದನ್ನು ಇಳಿಸುವ ವಿಚಾರ ನಿನ್ನ ಪುಸ್ತಕಗಳಲ್ಲಿ ಎಲ್ಲಾದರೂ ಇದ್ದರೆ ಬರೆ.

ನಿನ್ನ ಅಪ್ಪ,
ಮಾಬ್ಲೇಶ್ವರ


ಭಟ್ಕಳ
೨೦ ಜೂನ್ ೧೯೬೭

ಅಪ್ಪನಿಗೆ ನಮಸ್ಕಾರ.

ಮುದ್ರೆ ನೋಡಿದೆ. ನಮ್ಮದೇ ಹೆಂಚು.

ಪುಸ್ತಕದಲ್ಲಿ ಇರುವುದು ಸ್ವಲ್ಪ. ಯಂತ್ರದ ಸದ್ದು ಹೊರಗೆ ಹೋಗುವ ದಾರಿಗಳನ್ನು ಮೊದಲು ಬೇರೆಬೇರೆ ಮಾಡಿ ನೋಡಬೇಕು. ನಿಮ್ಮ ಪಂಪಿಗೆ ಮೂರು ದಾರಿ ಇರಬಹುದು: ಕೆಳಗಿನ ಕಟ್ಟೆಯಿಂದ ನೆಲಕ್ಕೆ ಇಳಿದು ಶಾಲೆಯ ಗೋಡೆಗೆ ಹತ್ತುವುದು, ಗಾಳಿ ಹೊರಬಿಡುವ ಕೊಳವೆಯ ಬಾಯಿಂದ ಬರುವುದು, ಪಂಪಿನ ಹೊಟ್ಟೆಯೊಳಗೇ ಹುಟ್ಟುವುದು. ನೆಲದ ದಾರಿ ಮುಚ್ಚುವುದು ಸುಲಭ. ಕಟ್ಟೆಯ ಸುತ್ತ ಎರಡು ಮೊಳ ಆಳದ ಕಾಲುವೆ ತೋಡಿ ಒಣ ಮರಳು ತುಂಬಿಸಿ. ಪಂಪನ್ನು ಎತ್ತಿ ಅಡಿಗೆ ತೆಂಗಿನ ನಾರಿನ ದಪ್ಪ ಚಾಪೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ.

ಉಳಿದದ್ದಕ್ಕೆ ಒಂದು ವಿಷಯ ತಿಳಿಯಬೇಕು. ಸದ್ದು ಎಂಥದು? ಗುಂಯ್ಗುಡುತ್ತದೆಯೋ, ಬಡಬಡ ಬಡಿಯುತ್ತದೆಯೋ, ಡಬ್ಬಿಯಲ್ಲಿ ಜಲ್ಲಿಕಲ್ಲು ಅಲುಗಾಡಿಸಿದ ಹಾಗಿದೆಯೋ? ನೀವು ಕಿವಿಯಿಂದ ಎಂಜಿನ್ನಿನ ರೋಗ ಹಿಡಿಯುವವರು. ಹೊಳೆ ದಾಟಿಸುವ ಲಾಂಚಿನಲ್ಲಿ ನನ್ನನ್ನು ಕೂರಿಸಿಕೊಂಡು, ಈಗ ಹೇಗೆ ಕೆಮ್ಮುತ್ತದೆ ಕೇಳು, ಎನ್ನುತ್ತಿದ್ದಿರಿ. ಹಾಗೆ ಬರೆಯಿರಿ.

ಇಲ್ಲಿ ಮಳೆ ಜೋರು.

ಕಮಲಿ


ಹೊನ್ನಾವರ
೯ ಜುಲೈ ೧೯೬೭

ಚಿ. ಕಮಲಿಗೆ,

ಕಾಲುವೆ ತೋಡಿ ಮರಳು ತುಂಬಿಸಿ ಆಯಿತು. ಮಳೆಯಲ್ಲಿ ಒಣ ಮರಳು ಎಲ್ಲಿಂದ? ಭಟ್ಟಿಯ ಮೇಲೆ ಹರವಿ ಒಣಗಿಸಿದೆವು. ಅದಕ್ಕೇ ತಡ. ನಾರಿನ ಚಾಪೆಯೂ ಹಾಕಿದೆ.

ಮೊದಲು ಪಂಪಿನಿಂದ ಮೂರು ಮಾರು ದೂರ ನೆಲದ ಮೇಲೆ ತಟ್ಟೆಯಲ್ಲಿ ನೀರಿಟ್ಟರೆ ನೀರು ನಡುಗಿ ಉಂಗುರ ಏಳುತ್ತಿತ್ತು. ಈಗ ನೀರು ಕನ್ನಡಿಯ ಹಾಗೆ ನಿಂತಿದೆ. ಶಾಲೆಯ ಕಿಟಕಿಯ ದೂಳು ಕುಣಿಯುವುದು ನಿಂತಿದೆ. ಬೇರಿಂಗಿಗೆ ಮರದ ಸರಳು ಕೊಟ್ಟು, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ನೋಡಿದೆ. ಬೇರಿಂಗು ಚೆನ್ನಾಗಿದೆ. ಹಲ್ಲು ಸುಳ್ಳು ಹೇಳುವುದಿಲ್ಲ.

ಅಳತೆಗೆ ನಾವೊಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಅಕ್ಕೋರಿಗೆ ಮಾತಿಲ್ಲ. ಅವರ ಬದಲಿಗೆ ನಾಲ್ಕನೇ ಇಯತ್ತೆಯ ದೊಡ್ಡ ಹುಡುಗಿಯೊಬ್ಬಳು ಪಾಠ ಓದುತ್ತಾಳೆ. ಕೇಳಿದವರು ಕೈ ಎತ್ತಬೇಕು. ಎಷ್ಟನೇ ಸಾಲಿನವರೆಗೆ ಕೈ ಎದ್ದಿತೋ ಆ ಅಂಕಿಯನ್ನು ಅಕ್ಕೋರು ಪಾಟಿಯ ಮೇಲೆ ಬರೆದು ಗೋಡೆಯ ಮೇಲಿಂದ ನನಗೆ ತೋರಿಸುತ್ತಾರೆ. ಮೊನ್ನೆ ಪಾಟಿಯ ಮೇಲೆ ಎರಡು ಎಂದಿತ್ತು. ಇಬ್ಬರಿಗೂ ಮಾತಿನ ಅಗತ್ಯವಿಲ್ಲದ ವ್ಯವಹಾರ.

ಸದ್ದು ಎಂಥದೆಂದು ಕೇಳಿದ್ದೀಯ. ಸದ್ದು ಸದ್ದಿನ ಹಾಗೆಯೇ ಇದೆ. ಮುಂದಿನದನ್ನು ಬರೆ.

ಅಪ್ಪ


ಭಟ್ಕಳ
೨೨ ಜುಲೈ ೧೯೬೭

ಅಪ್ಪನಿಗೆ,

ಪಾಟಿಯ ಅಳತೆ ಚೆನ್ನಾಗಿದೆ. ಪ್ರಯೋಗಶಾಲೆಯವರಿಗೂ ಇಷ್ಟು ಪ್ರಾಮಾಣಿಕ ಯಂತ್ರ ಸಿಗಲಿಕ್ಕಿಲ್ಲ.

ಎರಡನೆಯದು ಗಾಳಿ ಬಿಡುವ ಕೊಳವೆ. ಕಿರಿದಾದ ಬಾಯಿಂದ ಗಾಳಿ ತುಂಡುತುಂಡಾಗಿ ಸಿಡಿಯುವುದರಿಂದ ಸದ್ದು. ಅದಕ್ಕೆ ಹೊರಬರುವ ಮೊದಲೇ ಅಗಲವಾದ ಜಾಗ ಸಿಕ್ಕರೆ ಅದು ಹರಡಿಕೊಳ್ಳುತ್ತದೆ. ಆ ಜಾಗದಲ್ಲಿ ನೂರಾರು ಸಣ್ಣ ಸಂದುಗಳಿದ್ದರೆ ಅವುಗಳಲ್ಲಿ ತಿರುಗಿ ತಿರುಗಿ ಶಕ್ತಿ ಕಳೆದುಕೊಳ್ಳುತ್ತದೆ. ಕೊಳವೆಯನ್ನು ಹೊಳೆಯ ಕಡೆಗೆ ತಿರುಗಿಸಿ, ಕಲ್ಲು ಕಟ್ಟಿದ ಒಂದು ಗುಂಡಿಯೊಳಗೆ ಬಿಡಿ. ಗುಂಡಿಯನ್ನು ತುಂಬಿಸಲು ಜಲ್ಲಿಗಿಂತ ಚಿಪ್ಪು ಒಳ್ಳೆಯದು ಅನಿಸುತ್ತದೆ. ಅಘನಾಶಿನಿಯಿಂದ ಸುಣ್ಣಕ್ಕೆ ತರುವ ಬಳಚಿನ ಚಿಪ್ಪು. ಒಂದೊಂದೂ ಒಂದು ಸಣ್ಣ ಕೋಣೆಯಂತಿರುತ್ತದೆ. ಮೇಲೆ ತೂತಿರುವ ಹೆಂಚು ಮುಚ್ಚಿ.

ಮೂರನೆಯದಕ್ಕೆ ನನಗೆ ಸದ್ದಿನ ಗುಣ ಬೇಕೇಬೇಕು. ಮತ್ತೆ ಕೇಳುತ್ತಿದ್ದೇನೆ.

ಕಮಲಿ


ಹೊನ್ನಾವರ
೨೮ ಆಗಸ್ಟ್ ೧೯೬೭

ಚಿ. ಕಮಲಿಗೆ,

ಮಳೆಗಾಲದಲ್ಲಿ ಚಿಪ್ಪು ತರುವುದು ಎಂದರೆ ಸುಲಭವೇ? ಬಾಡ ಊರಿನ ದೋಣಿಕಾರ ಮಂಜ ಸಮುದ್ರ ಇಳಿಯಲಿ ಎಂದು ಹದಿನೈದು ದಿನ ಕಾದ. ಕಡೆಗೆ ಅವನ ಮಚವೆ ಅಳಿವೆಯ ಬಾಯಿ ದಾಟಿ ಬಂತು. ಇಪ್ಪತ್ತು ಮೂಟೆ ಚಿಪ್ಪು, ಅದರ ವಾಸನೆ ಬೇರೆ.

ಮಣ್ಣು ಹೊರುವ ಸುಬ್ಬಿ ಗುಂಡಿಯ ಅಂಚಿನಲ್ಲಿ ನಿಂತು, "ಎಂತ ಮಾಬ್ಲೇಶ್ವರಣ್ಣ, ಪಂಪಿಗೆ ಬಳಚಿನ ಸಾರು ಮಾಡ್ತ್ಯ?" ಎಂದಳು. ಲಕ್ಕಿ, "ಹುಳಿ ಹಾಕೂಕೆ ಮರೀಬೇಡ" ಎಂದಳು. ಈ ಹಾಲಕ್ಕಿ ಹೆಂಗಸರು ಬಾಯಿ ಅಗಲಿಸಿ ಮಾತಾಡುತ್ತಾರೆ. ಒಂದಕ್ಷರವೂ ತಪ್ಪುವುದಿಲ್ಲ.

ಗುಂಡಿ ತುಂಬಿ ಕೊಳವೆ ಕೂಡಿಸಿದ ಮೇಲೆ ಪಾಟಿಯ ಮೇಲೆ ಮೂರು ಬಂತು. ಸಾವ್ಕಾರರು ಖುಷಿಪಟ್ಟರು. ಅಕ್ಕೋರು ಮಾತ್ರ ಪಾಟಿಯನ್ನು ಒರೆಸಿ ಇನ್ನೊಂದು ಅಂಕಿ ಬರೆದು ತೋರಿಸಿದರು: ಐದು. ಹಿಂದಿನ ಎರಡು ಸಾಲುಗಳಲ್ಲಿ ಕೂರುವವರು ಒಂದನೇ ಇಯತ್ತೆಯ ಮಕ್ಕಳು. ಅವರಿಗೆ ಕೇಳದಿದ್ದರೆ ಉಳಿದವರಿಗೆ ಕೇಳಿ ಪ್ರಯೋಜನವಿಲ್ಲ ಎಂದು ಅವರ ಅರ್ಥ.

ಮೂರು ಸಾಕು ಎಂದು ನನಗೆ ಅನಿಸುತ್ತದೆ. ಚಿಕ್ಕವರನ್ನು ಮುಂದೆ ಕೂರಿಸಬಹುದಲ್ಲ. ಚೌತಿಗೆ ನೀನು ಬರುತ್ತೀಯಲ್ಲ, ಆಗ ನೋಡೋಣ.

ಅಪ್ಪ


ಭಟ್ಕಳ
೧೪ ಸೆಪ್ಟೆಂಬರ್ ೧೯೬೭

ಅಪ್ಪನಿಗೆ,

ಲಾಂಚು ತಡವಾಗಿ, ಹೊಳೆಯಾಚೆಯ ಕಾಸರಕೋಡಿನಲ್ಲಿ ಬಸ್ಸು ತಪ್ಪಿ, ಸಂಜೆ ಇಲ್ಲಿಗೆ ಮುಟ್ಟಿದೆ. ಕಟ್ಟಿಕೊಟ್ಟ ಪಂಚಕಜ್ಜಾಯವನ್ನು ಜೊತೆಯ ಟೀಚರುಗಳು ಮುಗಿಸಿದರು.

ಹಬ್ಬದ ಮೂರು ದಿನ ಪಂಪು ನಿಂತಿತ್ತು. ನಾಲ್ಕನೇ ದಿನ ನಡೆಯುವಾಗ ನೋಡಿದ್ದನ್ನು ಬರೆಯುತ್ತೇನೆ. ಉಳಿದಿರುವುದು ಜಲ್ಲಿಕಲ್ಲಿನ ಸದ್ದು. ಅದು ಪಂಪಿನ ಹೊಟ್ಟೆಯೊಳಗಿನದು. ಎಳೆತ ತೋರಿಸುವ ಗಡಿಯಾರದಲ್ಲಿ ಇಪ್ಪತ್ತೆಂಟರ ಮೇಲೆ ಹೋದ ವರ್ಷದ ಆಯುಧಪೂಜೆಯ ಕುಂಕುಮವಿದೆ. ಮುಳ್ಳು ಅದರ ಕೆಳಗೆ ಇಳಿಯಬಾರದೆಂದು ಎಲ್ಲರೂ ಕಾಯುತ್ತಿದ್ದಾರೆ. ಇದರ ಬಗ್ಗೆ ಯೋಚಿಸಿ ಬರೆಯುತ್ತೇನೆ.

ನೀವು ಭಟ್ಟಿಯ ಹತ್ತಿರ ಇದ್ದಾಗ ಸುಬ್ಬಿ, ಲಕ್ಕಿ ನನ್ನೊಡನೆ ಕೂತಿದ್ದರು. "ಪಂಪು ಬಂದ ಮೇಲೆ ಪದ ಹೇಳೂದೇ ಬಿಟ್ಟಾತು ತಂಗಿ. ಯಾರಿಗೆ ಕೇಳ್ತದೆ? ಬಾಯಿ ತೆರೆದ್ರೆ ಮಣ್ಣು ಹೋಗೂದೊಂದೇ" ಎಂದಳು ಸುಬ್ಬಿ. "ನಿನ್ನ ಸ್ವರ ಕೇಳೂದು ಬೇಡ ಹೇಳೇ ಸಾವ್ಕಾರ್ರು ಪಂಪು ತಂದದ್ದು" ಎಂದಳು ಲಕ್ಕಿ. ನಕ್ಕೆವು. ಆಮೇಲೆ ಸುಬ್ಬಿ ನಗು ನಿಲ್ಲಿಸಿ ನಿಮ್ಮ ಕಡೆ ನೋಡಿದಳು.

ಚೌತಿಯ ಮರುದಿನ ಬೆಳಿಗ್ಗೆ ನೀವು ಬಾವಿಯಲ್ಲಿ ನೀರು ಸೇದುತ್ತಿದ್ದಿರಿ. ಹಿಂದಿನಿಂದ ಮೂರು ಸಲ ಕರೆದೆ. ಹತ್ತಿರ ಬಂದು ಮತ್ತೆ ಕರೆದೆ. ಬಾವಿಯ ನೀರಿನಲ್ಲಿ ನನ್ನ ನೆರಳು ಕಂಡ ಮೇಲೆ ನೀವು ತಿರುಗಿದಿರಿ. ಯಾವ ಯಂತ್ರವೂ ನಡೆಯುತ್ತಿರಲಿಲ್ಲ.

ಸದ್ದು ಎಂಥದೆಂದು ಮತ್ತೆ ಮತ್ತೆ ಕೇಳಿದ್ದಕ್ಕೆ ಕ್ಷಮಿಸಿ. ಇದು ಎಷ್ಟು ವರ್ಷದಿಂದ?

ಕಮಲಿ


ಹೊನ್ನಾವರ
೨೧ ಸೆಪ್ಟೆಂಬರ್ ೧೯೬೭

ಚಿ. ಕಮಲಿಗೆ,

ಲಾಂಚಿನ ಎಂಜಿನ್ನಿನ ಪಕ್ಕ ಹದಿನೆಂಟು ವರ್ಷ, ಇಲ್ಲಿ ಕರೆಂಟು ಬರುವವರೆಗೆ ಎಣ್ಣೆ ಎಂಜಿನ್ನಿನ ಪಕ್ಕ ಒಂಬತ್ತು ವರ್ಷ. ಎಡಗಿವಿ ಮೊದಲು ಹೋಯಿತು. ಬಲಗಿವಿ ಯಾವಾಗ ಹೋಯಿತೆಂದು ಹೇಳಲಾರೆ. ಸಂಜೆ ಕತ್ತಲಾಗುವುದು ಯಾವ ನಿಮಿಷಕ್ಕೆ ಎಂದು ಯಾರಿಗೆ ಗೊತ್ತು?

ಪಂಪು ನಡೆಯುವಾಗ ಆ ಕೋಣೆಯಲ್ಲಿ ಎಲ್ಲರೂ ಕಿವುಡರೇ. ಎಲ್ಲರೂ ಕೈಸನ್ನೆ ಮಾಡುತ್ತಾರೆ, ಎದುರಿಗೆ ಬಂದು ಬಾಯಿ ಅಗಲಿಸುತ್ತಾರೆ, ಹೆಗಲು ಮುಟ್ಟಿ ಕರೆಯುತ್ತಾರೆ. ಅಲ್ಲಿ ನಾನು ಯಾರಿಗೂ ಕಡಿಮೆಯಲ್ಲ. ಸುಬ್ಬಿಗೆ ಗುಮಾನಿ ಇರಬಹುದು. ಸಾವ್ಕಾರರಿಗೆ ಗೊತ್ತಿಲ್ಲ. ಕಿವಿಯಿಲ್ಲದ ಫಿಟ್ಟರನನ್ನು ಯಾರೂ ಯಂತ್ರದ ಹತ್ತಿರ ಬಿಡುವುದಿಲ್ಲ. ನಾನೇ ಸಾವ್ಕಾರನಾದರೂ ಬಿಡುತ್ತಿರಲಿಲ್ಲ. ನಾನಿರುವ ಈ ಕೋಣೆಯೂ ಫಿಟ್ಟರನಿಗೆಂದು ಸಾವ್ಕಾರರು ಕೊಟ್ಟದ್ದು.

ಕೆಲಸವನ್ನು ಬೇಕೆಂದೇ ನಿಧಾನ ಮಾಡಿದೆನೇ ಎಂದು ನೀನು ಕೇಳಿಲ್ಲ. ಮರಳು ನಿಜವಾಗಿ ಒದ್ದೆಯಿತ್ತು. ಮಂಜ ನಿಜವಾಗಿ ತಡಮಾಡಿದ. ಆದರೆ ಪಾಟಿಯ ಮೇಲೆ ಮೂರು ಬಂದ ದಿನ, ಇಲ್ಲಿಗೇ ನಿಂತರೆ ಒಳ್ಳೆಯದು ಅನಿಸಿದ್ದು ಹೌದು.

ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಶಾಲೆಯ ಅಧಿಕಾರಿ ಸದ್ದಿನ ಪರೀಕ್ಷೆಗೆ ಬರುತ್ತಾರೆ. ಐದನೇ ಸಾಲಿನ ಹಿಂದೆ ಅವರೇ ಕೂತು ಕೇಳುತ್ತಾರಂತೆ. ಮೂರನೆಯ ದಾರಿ ನಿನಗೆ ಹೊಳೆದರೆ ಬರೆ.

ಅಪ್ಪ


ಹೊನ್ನಾವರ
೧೦ ಅಕ್ಟೋಬರ್ ೧೯೬೭
(ಕಾರ್ಡು)

ನಿನ್ನ ಕಾಗದ ಬಂದಿಲ್ಲ. ಆರೋಗ್ಯವಾಗಿದ್ದೀಯೆಂದು ತಿಳಿದಿದ್ದೇನೆ. ಪಾಟಿ ಮೂರರಲ್ಲೇ ಇದೆ. ನಾಡಿದ್ದು ದಸರೆ. ಪಂಪಿಗೆ ಪೂಜೆ ಮಾಡಿ ಗಡಿಯಾರಕ್ಕೆ ಹೊಸ ಕುಂಕುಮ ಇಡುತ್ತಾರೆ.

ಮಾಬ್ಲೇಶ್ವರ


ಭಟ್ಕಳ
೨೫ ಸೆಪ್ಟೆಂಬರ್ ೧೯೬೭

ಅಪ್ಪನಿಗೆ,

ಮೂರನೆಯದು ಸಣ್ಣ ಕೆಲಸ. ನಿಮ್ಮದು ಒಳಗೆ ನೀರು ತಿರುಗುವ ಪಂಪು. ಅಳತೆ ಮೀರಿ ಎಳೆದಾಗ ಅದರೊಳಗಿನ ನೀರು ಬಿಸಿಯಾಗದೆಯೇ ಕುದಿಯಲು ತೊಡಗುತ್ತದೆ. ಆ ಗುಳ್ಳೆಗಳು ಒಡೆಯುವಾಗ ಲೋಹಕ್ಕೆ ಹೊಡೆಯುತ್ತವೆ. ಅದೇ ಜಲ್ಲಿಕಲ್ಲಿನ ಸದ್ದು. ಹೀಗೇ ಬಿಟ್ಟರೆ ಪಂಪಿನ ರೆಕ್ಕೆಗಳೂ ಹಲ್ಲು ಹುಳ ತಿಂದಂತೆ ತೂತಾಗುತ್ತವೆ.

ಎಳೆಯುವ ಕೊಳವೆಗೆ ಕಿರುಬೆರಳು ಹೋಗದಷ್ಟು ಸಣ್ಣ ತೂತು ಕೊರೆದು ಒಂದು ಸಣ್ಣ ನಲ್ಲಿ ಹಾಕಿ. ಅದನ್ನು ಮೆಲ್ಲಗೆ ತೆರೆದು ಹೊರಗಿನ ಗಾಳಿಯನ್ನು ಒಂದಿಷ್ಟು ಒಳಬಿಡಿ. ಮುಳ್ಳು ಇಪ್ಪತ್ತೆಂಟರಿಂದ ಇಪ್ಪತ್ತೈದಕ್ಕೆ ಇಳಿಯುವಾಗ ಸದ್ದು ಒಮ್ಮೆಗೇ ನಿಲ್ಲುತ್ತದೆ. ನಿಂತದ್ದು ನಿಮ್ಮ ಸರಳಿಗೂ ತಿಳಿಯುತ್ತದೆ. ಹೆಂಚಿನ ಮಣ್ಣಿಗೆ ಇಪ್ಪತ್ತೈದು ಧಾರಾಳ ಸಾಕು.

ಕಾಲು ಗಂಟೆಯ ಕೆಲಸ. ಮಾಡುವುದೂ ಬಿಡುವುದೂ ನಿಮ್ಮ ಕೈಯಲ್ಲಿದೆ.

ಕಮಲಿ


ಹೊನ್ನಾವರ
೬ ನವೆಂಬರ್ ೧೯೬೭

ಚಿ. ಕಮಲಿಗೆ,

ನಿನ್ನ ಕಾಗದ ಅಕ್ಟೋಬರ್ ಇಪ್ಪತ್ತಕ್ಕೆ ಬಂತು. ಒಳಗಿನ ತಾರೀಕು ಸೆಪ್ಟೆಂಬರ್ ಇಪ್ಪತ್ತೈದು. ಹೊರಗೆ ಭಟ್ಕಳದ ಅಂಚೆಮುದ್ರೆ ಅಕ್ಟೋಬರ್ ಹದಿನೆಂಟು. ಎರಡನ್ನೂ ನೋಡಿದೆ. ಅದರ ಬಗ್ಗೆ ನೀನು ಏನೂ ಬರೆಯಬೇಕಾಗಿಲ್ಲ.

ನಲ್ಲಿ ನನ್ನ ಪೆಟ್ಟಿಗೆಯಲ್ಲೇ ಇತ್ತು, ಲಾಂಚಿನ ಕಾಲದ್ದು. ಮರುದಿನ ಊಟದ ಬಿಡುವಿನಲ್ಲಿ ಕೊರೆದು ಕೂಡಿಸಿದೆ. ಪಂಪು ಶುರುಮಾಡಿ ಸರಳು ಕಚ್ಚಿಕೊಂಡು ನಲ್ಲಿ ತಿರುಗಿಸಿದೆ. ಇಪ್ಪತ್ತೇಳಕ್ಕೆ ಏನೂ ಆಗಲಿಲ್ಲ. ಇಪ್ಪತ್ತಾರಕ್ಕೂ ಇಲ್ಲ. ಇಪ್ಪತ್ತೈದಕ್ಕೆ ಹಲ್ಲಿನ ನಡುಕ ನಿಂತುಹೋಯಿತು. ಪಂಪೇ ನಿಂತಿತೋ ಎಂದು ಅದರ ಬೆಲ್ಟು ನೋಡಿದೆ. ತಿರುಗುತ್ತಿತ್ತು.

ಹೊಸ ಕುಂಕುಮ ಇಪ್ಪತ್ತೆಂಟರ ಮೇಲೇ ಇತ್ತು. ಅದನ್ನು ಅಂಗಿಯ ತುದಿಯಿಂದ ಒರೆಸಿ, ಗಣಪತಿಯ ಪಟದ ಬಟ್ಟಲಿನಿಂದ ಬೇರೆ ತೆಗೆದು ಇಪ್ಪತ್ತೈದಕ್ಕೆ ಇಟ್ಟೆ. ಸಾವ್ಕಾರರು ನೋಡಿದರು. ಕುಂಕುಮವನ್ನೂ ಮುಳ್ಳನ್ನೂ ಒಂದೇ ಕಡೆ ಕಂಡು ಬಾಗಿಲ ಕಡೆ ನಡೆದರು.

ಹೊರಗೆ ಬಂದಾಗ ಪಾಟಿ ಗೋಡೆಯ ಮೇಲೆ ಬಂತು. ಐದು. ಅಕ್ಕೋರು ಪಾಟಿ ಇಳಿಸಿ ಬಾಯಿಂದ ಏನೋ ಹೇಳಿದರು. ಅವರಿಗೆ ಮಾತು ಬಂದಿದೆ ಎಂದು ಆಗ ತಿಳಿಯಿತು. ಏನು ಹೇಳಿದರೆಂದು ತಿಳಿಯಲಿಲ್ಲ. ಇಪ್ಪತ್ತನಾಲ್ಕಕ್ಕೆ ಅಧಿಕಾರಿ ಬಂದು ಐದನೇ ಸಾಲಿನ ಹಿಂದೆ ಮಣೆಯ ಮೇಲೆ ಕೂತರು. ಶಾಲೆ ಇಲ್ಲೇ ಇರುತ್ತದೆ.

ಮರುದಿನ ಮಣ್ಣು ಅರೆಯುವ ಯಂತ್ರದ ಬೆಲ್ಟಿನ ಹೊಲಿಗೆ ಬಿಟ್ಟಿತು. ಮೊದಲಾದರೆ ಆ ಕೋಣೆಯಲ್ಲಿ ಎಲ್ಲರೂ ಕಣ್ಣಿಂದ ಕೆಲಸ ಮಾಡುತ್ತಿದ್ದರು; ಯಾರಾದರೂ ಓಡಿಬಂದು ಎಳೆಯುತ್ತಿದ್ದರು. ಈಗ ಕಿವಿಯಿಂದ ಮಾಡಲು ಶುರುಮಾಡಿದ್ದಾರೆ. ಬಾಗಿಲಲ್ಲಿದ್ದ ಸಾವ್ಕಾರರು ಕೂಗಿದರಂತೆ. ಎರಡು ಸಲ ಕೂಗಿದರಂತೆ. ಉಳಿದವರೆಲ್ಲ ಬದಿಗೆ ಸರಿದರು. ಬೆಲ್ಟಿನ ತುದಿ ನನ್ನ ಹೆಗಲಿಗೆ ಹೊಡೆಯಿತು. ಗಾಯ ದೊಡ್ಡದಲ್ಲ, ಆಗಲೇ ಒಣಗಿದೆ.

ಸಾವ್ಕಾರರು ನನ್ನ ಹಿಂದೆ ಬಂದು ನಿಂತು ಮತ್ತೊಮ್ಮೆ ಕರೆದರಂತೆ, ಮೆಲ್ಲಗೆ. ಇದನ್ನು ಆಮೇಲೆ ಸುಬ್ಬಿ ಹೇಳಿದಳು. ಕಡೆಗೆ ಸಾವ್ಕಾರರು ಎದುರಿಗೆ ಬಂದು ನಿಂತರು. "ಎಷ್ಟು ವರ್ಷ ಆತು?" ಎಂದರು. ನೀನು ಕೇಳಿದ್ದನ್ನೇ.

ದೀಪಾವಳಿ ಕಳೆದ ಮೇಲೆ ಕುಂದಾಪುರದಿಂದ ಹೊಸ ಫಿಟ್ಟರು ಬಂದ. ಅವನಿಗೆ ನಲ್ಲಿಯನ್ನು ತೋರಿಸಿ, ಇದನ್ನು ಪೂರ್ತಿ ಮುಚ್ಚಬೇಡ ಎಂದು ಹೇಳಿದ್ದೇನೆ. ಕೋಣೆ ಈ ತಿಂಗಳ ಕೊನೆಯವರೆಗೆ ನನಗಿದೆ.

ಅಪ್ಪ


ಭಟ್ಕಳ
೧೩ ನವೆಂಬರ್ ೧೯೬೭

ಅಪ್ಪನಿಗೆ,

ಬರೆಯಬೇಕಾಗಿಲ್ಲ ಎಂದಿದ್ದೀರಿ. ಆದರೂ ಬರೆಯುತ್ತೇನೆ.

ಕಾಗದ ಬರೆದದ್ದು ಸೆಪ್ಟೆಂಬರ್ ಇಪ್ಪತ್ತೈದಕ್ಕೇ. ಲಾಗರಿತಮ್ ಪುಸ್ತಕದ ನಡುವೆ ಇಟ್ಟೆ. ಹರಿಯಲಿಲ್ಲ, ಅಂಚೆಗೂ ಹಾಕಲಿಲ್ಲ. ಅಕ್ಟೋಬರ್ ಇಪ್ಪತ್ತನಾಲ್ಕು ಹಾಗೇ ಕಳೆದುಹೋದರೆ ನಿಮ್ಮ ಕೆಲಸ ಉಳಿಯುತ್ತದೆ, ನಾನು ಏನೂ ಮಾಡಿದಂತಾಗುವುದಿಲ್ಲ ಎಂದುಕೊಂಡಿದ್ದೆ. ಹದಿನೆಂಟರಂದು ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ಕೊನೆಯ ಸಾಲಿನಲ್ಲಿ ಒಬ್ಬಳು ನವಾಯತರ ಹುಡುಗಿ ಇದ್ದಾಳೆ, ಬಹಳ ಸಣ್ಣ ಸ್ವರ. ಹೆಸರು ಕರೆದೆ. ಅವಳು ಹಾಜರ್ ಎಂದಳು. ನನಗೆ ಕೇಳಿತು. ಊಟದ ಬಿಡುವಿನಲ್ಲಿ ಹೋಗಿ ಪೆಟ್ಟಿಗೆಗೆ ಹಾಕಿ ಬಂದೆ.

ಇಲ್ಲಿ ಎರಡು ಕೋಣೆಯ ಮನೆಯೊಂದು ಬಾಡಿಗೆಗೆ ಇದೆ. ಬಾವಿ ಒಳಗೇ ಇದೆ. ನೀವು ಬರುವುದಾದರೆ ಹೇಳಿ. ಬರಲೇಬೇಕೆಂದು ಹೇಳುವ ಧೈರ್ಯ ನನಗಿಲ್ಲ.

ಹೆಗಲಿನ ಗಾಯ ಒಣಗಿದೆ ಎಂದದ್ದು ನಿಜವೇ?

ಕಮಲಿ


ಹೊನ್ನಾವರ
೩ ಡಿಸೆಂಬರ್ ೧೯೬೭

ಚಿ. ಕಮಲಿಗೆ,

ಗಾಯ ಒಣಗಿದೆ. ಭಟ್ಕಳಕ್ಕೆ ಸದ್ಯ ಬರುವುದಿಲ್ಲ, ಕೆಲಸವಿದೆ. ಸಾವ್ಕಾರರು ಭಟ್ಟಿಯ ಹಿಂದಿನ ಸಣ್ಣ ಕೋಣೆ ಕೊಟ್ಟಿದ್ದಾರೆ. ಬೆಚ್ಚಗಿರುತ್ತದೆ.

ಕೆಲಸ ಯಾವುದು ಎಂದು ಕೇಳಿದರೆ ನಗುತ್ತೀಯ. ನಮ್ಮಲ್ಲಿ ಯಂತ್ರ ಬಿಟ್ಟ ಹಳಬರನ್ನೆಲ್ಲ ಹೆಂಚು ಬಾರಿಸುವ ಚಾಪೆಗೆ ಕೂರಿಸುವುದು ರೂಢಿ. ಭಟ್ಟಿಯಿಂದ ಬಂದ ಹೆಂಚನ್ನು ಒಂದೊಂದಾಗಿ ಎತ್ತಿ ಬೆರಳ ಗೆಣ್ಣಿನಿಂದ ಬಾರಿಸುವುದು. ಠಣ್ ಎಂದರೆ ಗಟ್ಟಿ, ಠಪ್ ಎಂದರೆ ಒಳಬಿರುಕು. ಸಾವ್ಕಾರರು ಬಹಳ ಮರ್ಯಾದೆಯ ದನಿಯಲ್ಲೇ ಹೇಳಿರಬೇಕು: "ಮಾಬ್ಲೇಶ್ವರಾ, ಇನ್ನು ನೆರಳಲ್ಲಿ ಕೂತು ಹೆಂಚು ಬಾರ್ಸು." ಅವರಿಗೂ ಹೊಳೆಯಲಿಲ್ಲ, ಮೇಸ್ತ್ರಿಗೂ ಹೊಳೆಯಲಿಲ್ಲ. ನಾನೂ ಹೇಳಲಿಲ್ಲ. ಆತು ಎಂದೆ.

ಹೆಂಚನ್ನು ಮೂರು ಬೆರಳ ತುದಿಯಲ್ಲಿ ಹಗುರಾಗಿ ಹಿಡಿದು ಬಾರಿಸಿದರೆ ಗಟ್ಟಿ ಹೆಂಚು ಸ್ವಲ್ಪ ಹೊತ್ತು ನಡುಗುತ್ತದೆ. ಬಿರಿದದ್ದು ಕೂಡಲೇ ಸುಮ್ಮನಾಗುತ್ತದೆ. ಬೆರಳಿಗೆ ಅಷ್ಟು ತಿಳಿಯುತ್ತದೆ. ಕೂದಲೆಳೆಯ ಬಿರುಕು ಮಾತ್ರ ತಪ್ಪುತ್ತದೆ. ದಿನಕ್ಕೆ ಎಷ್ಟು ತಪ್ಪುತ್ತದೆಂದು ನನಗೆ ಗೊತ್ತಿಲ್ಲ. ಸುಬ್ಬಿಗೆ ಗೊತ್ತು. ಸಂಜೆ ನಾನು ಕೈಕಾಲು ತೊಳೆಯಲು ಹೋದಾಗ ಅವಳೂ ಲಕ್ಕಿಯೂ ನನ್ನ ರಾಶಿಯನ್ನು ಇನ್ನೊಮ್ಮೆ ಬಾರಿಸಿ ಕೆಲವನ್ನು ತೆಗೆದು ಬದಿಗಿಡುತ್ತಾರೆ. ಅವರು ನನಗೆ ಹೇಳಿಲ್ಲ. ನಾನು ಕಂಡೆನೆಂದು ನಾನೂ ಹೇಳಿಲ್ಲ. ತೊಳೆಯುವುದನ್ನು ಸ್ವಲ್ಪ ನಿಧಾನ ಮಾಡುತ್ತೇನೆ.

ಇನ್ನೊಂದು ವಿಷಯ. ಚಾಪೆಯ ಎದುರಿಗೇ ಅವರು ಮಣ್ಣು ಹೊತ್ತು ಸಾಲಾಗಿ ಹೋಗುವ ದಾರಿ. ಹದಿನೈದು ದಿನದಿಂದ ನೋಡುತ್ತಿದ್ದೇನೆ, ಎಲ್ಲರ ಬಾಯಿಯೂ ಒಟ್ಟಿಗೆ ಆಡುತ್ತದೆ. ಮೊದಲು ಸುಬ್ಬಿಯದು, ಅವಳು ಮುಗಿಸಿದ ಮೇಲೆ ಹಿಂದಿನ ಐದಾರು ಜನರದು. ಹೆಜ್ಜೆಯೂ ಅದಕ್ಕೆ ಕೂಡುತ್ತದೆ. ಪದ ಹೇಳುತ್ತಿದ್ದಾರೆ. ಪಂಪು ನಡೆಯುತ್ತಿರುವಾಗಲೇ ಹೇಳುತ್ತಿದ್ದಾರೆ. ಶಾಲೆಯ ಹುಡುಗಿಯರು ಬಿಡುವಿನಲ್ಲಿ ಗೋಡೆ ಹತ್ತಿ ಕೂತು ಕೇಳುತ್ತಾರೆ.

ಮಾತಾದರೆ ತುಟಿಯಿಂದ ಹಿಡಿಯುತ್ತೇನೆ. ಪದ ಹಿಡಿಯಲು ಆಗುವುದಿಲ್ಲ. ಎಳೆಯುತ್ತಾರೆ, ಬಾಗಿಸುತ್ತಾರೆ, ನಡುವೆ ಉಸಿರು ತೆಗೆಯುತ್ತಾರೆ. ಆದರೆ ಮಾತುಗಳು ಮೊದಲೇ ಗೊತ್ತಿದ್ದರೆ, ಸುಬ್ಬಿಯ ಬಾಯಿ ನೋಡಿ ಈಗ ಎಲ್ಲಿಗೆ ಬಂದಳು ಎಂದು ತಿಳಿಯಬಹುದು ಅನಿಸುತ್ತದೆ. ಅವಳಿಗೆ ಬರೆಯಲು ಬರುವುದಿಲ್ಲ. ನಿನಗೆ ಆ ಪದ ಗೊತ್ತಿದ್ದರೆ, ಸಾಲು ಸಾಲಾಗಿ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸು. ಅವಸರವಿಲ್ಲ.

ಅಪ್ಪ


ಭಟ್ಕಳ
೭ ಡಿಸೆಂಬರ್ ೧೯೬೭
(ಕಾರ್ಡು)

ಅಪ್ಪನಿಗೆ,

ನನಗೆ ಆ ಪದ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿರಬೇಕು, ನಿಂತು ಕೇಳಿಲ್ಲ.

ಬರುವ ವಾರದ ಶನಿವಾರ, ಹದಿನಾರಕ್ಕೆ, ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿಯುತ್ತೇನೆ. ದೊಡ್ಡ ನೋಟುಬುಕ್ಕು ತರುತ್ತೇನೆ. ಮಣ್ಣು ಹೊರುವ ದಾರಿಯಲ್ಲಿ ನಿಮ್ಮ ಚಾಪೆಯ ಪಕ್ಕದಲ್ಲೇ ಕೂತು ಬರೆದುಕೊಳ್ಳುತ್ತೇನೆಂದು ಸುಬ್ಬಿಗೆ ತಿಳಿಸಿ. ನಾನು ಬರೆದದ್ದನ್ನು ನೀವು ಅವಳ ಬಾಯಿಗೆ ಹೋಲಿಸಿ ನೋಡಿ, ತಪ್ಪಿದ್ದರೆ ತೋರಿಸಬೇಕು.

ಹೊಸ ಫಿಟ್ಟರಿಗೂ ಒಂದು ಮಾತು ಹೇಳಿ. ನಾನು ಬಂದೆನೆಂದು ಪಂಪು ನಿಲ್ಲಿಸುವುದು ಬೇಡ. ಬರೆದುಕೊಳ್ಳುವಷ್ಟು ಕೇಳುತ್ತದೆ.

ಕಮಲಿ